ನೆರಳಿನಿಂದ ಬೆಳ್ಳಿಯ ಪದಕ

ಪರಿಚಿತರೊಬ್ಬರ ಮುಖದ ನೆರಳು ಪಕ್ಕದಿಂದ ಗೋಡೆಯ ಮೇಲೆ ಬಿದ್ದರೆ, ಅದು ಯಾರದೆಂದು ನಾವು ಒಡನೆಯೇ ಹೇಳಬಲ್ಲೆವು. ಆ ನೆರಳಿನಲ್ಲಿ ಕಣ್ಣಿಲ್ಲ, ಬಣ್ಣವಿಲ್ಲ, ಚರ್ಮದ ಸುಕ್ಕಿಲ್ಲ, ನಗೆಯೂ ಇಲ್ಲ. ಇರುವುದು ಒಂದೇ ಒಂದು ಅಂಚು. ಹಣೆಯಿಂದ ಇಳಿದು, ಮೂಗಿನ ಮೇಲೆ ಹರಿದು, ತುಟಿಗಳ ಸಂದಿಯಲ್ಲಿ ತಗ್ಗಿ, ಗದ್ದವನ್ನು ಸುತ್ತಿ ಕೊರಳಿಗೆ ಸೇರುವ ಆ ಅಂಚೊಂದೇ ಒಬ್ಬ ಮನುಷ್ಯನನ್ನು ಗುರುತಿಸಲು ಸಾಕು. ಇಂಥ ನೆರಳನ್ನು ಬೆಳ್ಳಿಯ ತಗಡಿನಲ್ಲಿ ಕೊರೆದು, ಕೊರಳಿಗೆ ಧರಿಸಬಹುದಾದ ಪದಕವನ್ನು ಮಾಡುವುದು ಹೇಗೆಂಬುದೇ ಈ ಪಾಠದ ವಿಷಯ.

ಮೇಲ್ನೋಟಕ್ಕೆ ಕೆಲಸ ಸುಲಭವೆಂದು ತೋರುತ್ತದೆ. ನೆರಳಿನ ಗೆರೆಯನ್ನು ಬರೆದುಕೊಂಡು ಅದರ ಮೇಲೆ ಗರಗಸವನ್ನು ಓಡಿಸಿದರೆ ಆಯಿತಲ್ಲವೆ? ಆದರೆ ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ವಯಸ್ಕರ ತಲೆಯ ಎತ್ತರ, ಗದ್ದದಿಂದ ನೆತ್ತಿಯವರೆಗೆ, ಸುಮಾರು ೨೨ ಸೆಂಟಿಮೀಟರು. ಪದಕದಲ್ಲಿ ಅದನ್ನು ೨೨ ಮಿಲಿಮೀಟರಿಗೆ ಇಳಿಸಬೇಕು; ಅಂದರೆ ಹತ್ತನೆಯ ಒಂದು ಪಾಲಿಗೆ. ಅಕ್ಕನ ಮೂಗಿಗೂ ತಂಗಿಯ ಮೂಗಿಗೂ ಎರಡೂವರೆ ಮಿಲಿಮೀಟರಿನ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ಪದಕದಲ್ಲಿ ಆ ವ್ಯತ್ಯಾಸ ಕೇವಲ ಕಾಲು ಮಿಲಿಮೀಟರು. ಅಕ್ಕಸಾಲಿಗರ ಸಣ್ಣ ಗರಗಸದ ಅಲಗಿನ ದಪ್ಪವೂ ಸರಿಸುಮಾರು ಅಷ್ಟೇ! ಅಕ್ಕನನ್ನು ತಂಗಿಯಿಂದ ಬೇರ್ಪಡಿಸುವ ಅಂತರವೂ ನಮ್ಮ ಆಯುಧದ ದಪ್ಪವೂ ಒಂದೇ ಆಗಿರುವಾಗ, ಗೆರೆಯ ಈಚೆಗೆ ಕತ್ತರಿಸಿದರೆ ಒಬ್ಬಳು, ಆಚೆಗೆ ಕತ್ತರಿಸಿದರೆ ಇನ್ನೊಬ್ಬಳು ಆಗಿಬಿಡುವುದುಂಟು.

ಇಷ್ಟು ಸೂಕ್ಷ್ಮವಾದುದು ನೋಡುವವರ ಕಣ್ಣಿಗೆ ಬೀಳುವುದೇ ಎಂದು ಕೇಳಬಹುದು. ಬೀಳುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ೨೫ ಸೆಂಟಿಮೀಟರು ದೂರದಲ್ಲಿ ಹಿಡಿದ ವಸ್ತುವಿನಲ್ಲಿ ಇದು ಸುಮಾರು ೦.೦೭ ಮಿಲಿಮೀಟರಿಗೆ ಸಮ. ಕಾಲು ಮಿಲಿಮೀಟರು ಇದರ ಮೂರು ಪಟ್ಟಿಗೂ ಹೆಚ್ಚು. ಆದುದರಿಂದ ಈ ಕೆಲಸದ ಪ್ರತಿಯೊಂದು ಹಂತದಲ್ಲಿಯೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕಾಲು ಮಿಲಿಮೀಟರು ಇಲ್ಲಿ ಎಲ್ಲಿ ಕಳೆದುಹೋಗುತ್ತದೆ? ಅದನ್ನು ಉಳಿಸಿಕೊಳ್ಳುವ ಉಪಾಯವೇನು?

ಒಬ್ಬ ಮಂತ್ರಿಯ ಹೆಸರು

ಯೂರೋಪಿನಲ್ಲಿ ಇಂಥ ನೆರಳುಚಿತ್ರಕ್ಕೆ ಸಿಲೂಯೆಟ್ ಎಂದು ಹೆಸರು. ಇದು ಒಬ್ಬ ಮನುಷ್ಯನ ಹೆಸರು. ಎತಿಯೆನ್ ದ ಸಿಲೂಯೆಟ್ ಎಂಬಾತ ೧೭೫೯ರಲ್ಲಿ ಫ್ರಾನ್ಸಿನ ಹಣಕಾಸಿನ ಮಂತ್ರಿಯಾಗಿದ್ದನು. ಒಂದು ವರ್ಷವೂ ತುಂಬದ ತನ್ನ ಅಧಿಕಾರಾವಧಿಯಲ್ಲಿ ಆತ ಕಟ್ಟುನಿಟ್ಟಿನ ಮಿತವ್ಯಯವನ್ನು ಜಾರಿಗೆ ತರಲು ಹೊರಟಿದ್ದರಿಂದ, ಅಗ್ಗವಾದ ವಸ್ತುಗಳಿಗೆಲ್ಲ ಜನ ಹಾಸ್ಯದಿಂದ ಅವನ ಹೆಸರನ್ನು ಹಚ್ಚಿದರು. ಬಣ್ಣದ ಭಾವಚಿತ್ರವನ್ನು ಬರೆಸಲು ಹಣವಿಲ್ಲದವರು ಬರೆಸುತ್ತಿದ್ದ ಕಪ್ಪು ನೆರಳಿನ ಚಿತ್ರಕ್ಕೆ ಆ ಹೆಸರು ಶಾಶ್ವತವಾಗಿ ಅಂಟಿಕೊಂಡಿತು.

ಅಂದಿನ ದಿನಗಳಲ್ಲಿ ಜೂರಿಕ್ ನಗರದ ಪಾದ್ರಿ ಲಾವಾಟರ್, ೧೭೭೫ರಿಂದ ೧೭೭೮ರವರೆಗೆ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆರಳನ್ನು ಹಿಡಿಯುವುದಕ್ಕೆಂದೇ ರಚಿಸಿದ ಒಂದು ಕುರ್ಚಿಯನ್ನು ಚಿತ್ರಿಸಿದ್ದಾನೆ. ಕುರ್ಚಿಯ ಪಕ್ಕದಲ್ಲಿ ಒಂದು ತೆರೆ. ಕುಳಿತವರ ಮತ್ತೊಂದು ಪಕ್ಕದಲ್ಲಿ ಒಂದು ಮೇಣದ ಬತ್ತಿ. ಮುಖದ ಗೆರೆಯಿಂದ ಗುಣಸ್ವಭಾವವನ್ನು ತಿಳಿಯಬಹುದೆಂಬ ಅವನ ವಾದವನ್ನು ವಿಜ್ಞಾನ ಒಪ್ಪಿಲ್ಲ. ಆದರೆ ಆ ಕುರ್ಚಿಯ ಏರ್ಪಾಟು ಮಾತ್ರ ಚೆನ್ನಾದುದೇ. ಇಂಗ್ಲೆಂಡಿನಲ್ಲಿ ಜಾನ್ ಮಿಯರ್ಸ್ ಎಂಬ ಕಲಾವಿದನು ಉಂಗುರ, ಲಾಕೆಟ್ಟುಗಳಲ್ಲಿ ಕೂಡಿಸುವಷ್ಟು ಚಿಕ್ಕದಾದ ನೆರಳುಚಿತ್ರಗಳನ್ನು ಬರೆದು ಹೆಸರಾದನು. ದೂರದಲ್ಲಿರುವ ಮಗನ ಮುಖವನ್ನೋ ಗತಿಸಿದ ತಾಯಿಯ ಮುಖವನ್ನೋ ಮೈಮೇಲೆ ಇಟ್ಟುಕೊಳ್ಳಲು ಸಾಮಾನ್ಯ ಜನರಿಗೆ ಆಗ ಇದ್ದ ದಾರಿ ಅದೊಂದೇ ಎನ್ನಬಹುದು. ೧೮೩೯ರಲ್ಲಿ ಫೋಟೋ ತೆಗೆಯುವ ವಿಧಾನ ಪ್ರಕಟವಾದ ಮೇಲೆ ನೆರಳುಚಿತ್ರದ ಕಸಬು ಕ್ರಮೇಣ ಹಿಂದೆ ಬಿದ್ದಿತು. ಮಿಯರ್ಸ್ ಬಣ್ಣದಿಂದ ಬರೆದುದನ್ನು ನಾವಿಲ್ಲಿ ಲೋಹದಲ್ಲಿ ಕೊರೆಯಲಿದ್ದೇವೆ.

ದೀಪವನ್ನು ಆರಿಸುವುದು

ನೆರಳಿನ ಅಂಚು ಎಲ್ಲ ವೇಳೆಯಲ್ಲಿಯೂ ತೀಕ್ಷ್ಣವಾಗಿರುವುದಿಲ್ಲ. ದೀಪ ಒಂದು ಬಿಂದುವಾಗಿರದೆ ಅದಕ್ಕೂ ಒಂದು ಅಗಲವಿರುವುದೇ ಇದಕ್ಕೆ ಕಾರಣ. ದೀಪದ ಒಂದು ಭಾಗ ಮಾತ್ರ ಮರೆಯಾಗುವ ಕಡೆ ಅರ್ಧ ಬೆಳಕು, ಅರ್ಧ ಕತ್ತಲೆಯಾಗಿ ಒಂದು ಮಸುಕಾದ ಪಟ್ಟಿ ಉಂಟಾಗುತ್ತದೆ. ಇದೇ ಅರೆನೆರಳು. ಇದರ ಅಗಲವನ್ನು ತಿಳಿಯುವ ಸೂತ್ರ ಸರಳವಾದುದು. ದೀಪದ ಅಗಲವನ್ನು ಮುಖದಿಂದ ಕಾಗದಕ್ಕಿರುವ ದೂರದಿಂದ ಗುಣಿಸಿ, ದೀಪದಿಂದ ಮುಖಕ್ಕಿರುವ ದೂರದಿಂದ ಭಾಗಿಸಬೇಕು.

ದೀಪವು ಮುಖದಿಂದ ೨೦೦ ಸೆಂಟಿಮೀಟರು ದೂರದಲ್ಲಿಯೂ, ಕಾಗದವು ಮುಖದ ನಡುಗೆರೆಯಿಂದ ೧೫ ಸೆಂಟಿಮೀಟರು ದೂರದಲ್ಲಿಯೂ ಇರಲಿ. ೬ ಸೆಂಟಿಮೀಟರು ಅಗಲದ ಬಿಳಿಯ ಗಾಜಿನ ಬುರುಡೆಯ ವಿದ್ಯುದ್ದೀಪವನ್ನು ಇಟ್ಟರೆ ಅರೆನೆರಳಿನ ಅಗಲ ನಾಲ್ಕೂವರೆ ಮಿಲಿಮೀಟರು. ಅದನ್ನು ಪದಕದ ಅಳತೆಗೆ ಇಳಿಸಿದರೂ ಸುಮಾರು ೦.೪ ಮಿಲಿಮೀಟರು ಉಳಿಯುತ್ತದೆ. ಗರಗಸವನ್ನು ಕೈಗೆತ್ತಿಕೊಳ್ಳುವ ಮೊದಲೇ ಅಕ್ಕತಂಗಿಯರ ವ್ಯತ್ಯಾಸ ಅಳಿಸಿಹೋಯಿತು! ಅದೇ ಸ್ಥಳದಲ್ಲಿ ಒಂದು ಸೆಂಟಿಮೀಟರು ಅಗಲದ ಎಣ್ಣೆಯ ಸೊಡರನ್ನಿಟ್ಟರೆ ಅರೆನೆರಳು ಮುಕ್ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಪದಕದಲ್ಲಿ ಅದು ೦.೦೭ ಮಿಲಿಮೀಟರು. ಅಂದರೆ ಕಣ್ಣಿನ ಶಕ್ತಿಯ ಮೇರೆಯಲ್ಲಿಯೇ ಇದೆ. ಪ್ರಕಾಶಮಾನವಾದ ದೊಡ್ಡ ದೀಪಕ್ಕಿಂತ ಮಂಕಾದ ಸಣ್ಣ ದೀಪ ಇಲ್ಲಿ ಮೇಲು. ಇಂದಿನ ಮೊಬೈಲ್ ಫೋನಿನ ಬೆಳಕಿನ ಬಿಂದು ಕೆಲವೇ ಮಿಲಿಮೀಟರು ಅಗಲವಾಗಿರುವುದರಿಂದ ಅದು ಇನ್ನೂ ಅನುಕೂಲ.

ಕೋಣೆಯನ್ನು ಕತ್ತಲೆ ಮಾಡಿ, ದೀಪವನ್ನು ಕುಳಿತವರ ಕಿವಿಯ ಮಟ್ಟದಲ್ಲಿ ನಿಲ್ಲಿಸಬೇಕು. ಕಾಗದವನ್ನು ಮುಖದ ನಡುಗೆರೆಗೆ ಸಮಾನಾಂತರವಾಗಿ ಗೋಡೆಗೆ ಅಂಟಿಸಬೇಕು. ತಲೆ ಸ್ವಲ್ಪ ತಿರುಗಿದರೂ ಮೂಗು ಗಿಡ್ಡವಾಗಿ ಬೀಳುತ್ತದೆ. ಆದುದರಿಂದ ಕುಳಿತವರ ತಲೆ ಗೋಡೆಗೋ ಕುರ್ಚಿಯ ಬೆನ್ನಿಗೋ ಆತುಕೊಂಡಿರುವುದು ಒಳ್ಳೆಯದು. ಹೀಗೆ ಬಿದ್ದ ನೆರಳು ನಿಜವಾದ ಮುಖಕ್ಕಿಂತ ನೂರಕ್ಕೆ ಏಳೂವರೆಯಷ್ಟು ದೊಡ್ಡದಾಗಿರುತ್ತದೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುವುದರಿಂದ ಹೋಲಿಕೆಗೆ ಭಂಗವಿಲ್ಲ. ಗತಿಸಿದವರ ಪದಕವನ್ನು ಮಾಡಬೇಕಾದಲ್ಲಿ, ಸರಿಯಾಗಿ ಪಕ್ಕದಿಂದ ತೆಗೆದ ಫೋಟೋ ಇದ್ದರೆ ಅದನ್ನೇ ದೊಡ್ಡದು ಮಾಡಿ ಅಂಚನ್ನು ಬರೆದುಕೊಳ್ಳಬಹುದು.

ಹತ್ತನೆಯ ಒಂದು ಪಾಲು

ಚಿತ್ರವನ್ನು ದೊಡ್ಡದಾಗಿಯೇ ಬರೆದು ಅನಂತರ ಇಳಿಸಬೇಕು. ಮೊದಲೇ ಚಿಕ್ಕದಾಗಿ ಬರೆಯಕೂಡದು. ಅರ್ಧ ಮಿಲಿಮೀಟರು ದಪ್ಪದ ಸೀಸದಕಡ್ಡಿಯ ಗೆರೆ ದೊಡ್ಡ ಚಿತ್ರದಲ್ಲಿ ಏನೂ ಅಲ್ಲ. ಇಳಿಸಿದಾಗ ಅದು ೦.೦೫ ಮಿಲಿಮೀಟರು ಆಗುತ್ತದೆ. ಅದೇ ಗೆರೆಯನ್ನು ಪದಕದ ಅಳತೆಯ ಚಿತ್ರದ ಮೇಲೆ ಎಳೆದರೆ, ಜೀವಂತ ಮುಖದ ಮೇಲೆ ಐದು ಮಿಲಿಮೀಟರು ದಪ್ಪದ ಹಗ್ಗವನ್ನು ಇಟ್ಟಂತೆ.

ಇನ್ನೊಂದು ಮಾತು. ಗೆರೆಗೆ ಎರಡು ಪಕ್ಕಗಳುಂಟು. ಅವುಗಳಲ್ಲಿ ಯಾವುದು ಮುಖ? ಈ ಸಂದೇಹವನ್ನು ಕಳೆಯಲು ದೊಡ್ಡ ಚಿತ್ರದ ಒಳಭಾಗವನ್ನೆಲ್ಲ ಕಪ್ಪು ಶಾಯಿಯಿಂದ ತುಂಬಿಬಿಡಬೇಕು. ಆಗ ಗೆರೆ ಮಾಯವಾಗಿ ಕಪ್ಪು ಬಿಳುಪುಗಳು ಸಂಧಿಸುವ ಅಂಚು ಮಾತ್ರ ಉಳಿಯುತ್ತದೆ. ಅಂಚಿಗೆ ದಪ್ಪವೆಂಬುದಿಲ್ಲ.

ಚಿತ್ರವನ್ನು ಇಳಿಸಲು ಹಿಂದಿನವರು ಪ್ಯಾಂಟೋಗ್ರಾಫ್ ಎಂಬ ಸಲಕರಣೆಯನ್ನು ಬಳಸುತ್ತಿದ್ದರು. ನಾಲ್ಕು ಪಟ್ಟಿಗಳನ್ನು ಸಮಾನಾಂತರ ಚತುರ್ಭುಜವಾಗಿ ಜೋಡಿಸಿದ ಈ ಸಾಧನವನ್ನು ಕ್ರಿಸ್ಟೋಫ್ ಷೈನರ್ ಎಂಬ ವಿದ್ವಾಂಸನು ೧೬೦೩ರಲ್ಲಿ ನಿರ್ಮಿಸಿದನು. ಈಗ ಜೆರಾಕ್ಸ್ ಯಂತ್ರ ಆ ಕೆಲಸವನ್ನು ಮಾಡುತ್ತದೆ. ನೆರಳಿನ ಎತ್ತರ ಸುಮಾರು ೨೩೬ ಮಿಲಿಮೀಟರು ಇದ್ದರೆ, ಅದನ್ನು ಮೊದಲು ನೂರಕ್ಕೆ ೨೫ಕ್ಕೂ, ಬಂದ ಪ್ರತಿಯನ್ನು ನೂರಕ್ಕೆ ೩೭ಕ್ಕೂ ಇಳಿಸಿದರೆ ೨೨ ಮಿಲಿಮೀಟರಿನ ಚಿತ್ರ ಸಿಗುತ್ತದೆ. ಹೀಗೆ ದೊರೆತ ಕಾಗದದ ಚಿತ್ರವನ್ನು ಮನೆಯವರಿಗೆ ತೋರಿಸಿ, ಯಾರೆಂದು ಕೇಳಬೇಕು. ಕಾಗದದಲ್ಲಿ ಗುರುತು ಸಿಗದ ಮುಖ ಬೆಳ್ಳಿಯಲ್ಲಿ ಎಂದಿಗೂ ಸಿಗದು. ಈ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಲೋಹಕ್ಕೆ ಕೈ ಹಾಕತಕ್ಕದ್ದು.

ಪದಕದ ವಿನ್ಯಾಸ

ಮುಖವನ್ನು ಲೋಹದಲ್ಲಿ ತೋರಿಸಲು ಎರಡು ಮಾರ್ಗಗಳಿವೆ. ಮುಖದ ಆಕಾರದ ತುಂಡನ್ನೇ ಕತ್ತರಿಸಿ ಧರಿಸುವುದು ಒಂದು. ತಗಡಿನಲ್ಲಿ ಮುಖದ ಆಕಾರದ ಕಂಡಿಯನ್ನು ಕೊರೆಯುವುದು ಇನ್ನೊಂದು. ಮೊದಲನೆಯದರಲ್ಲಿ ಮೂಗಿನ ತುದಿ, ತುಟಿ, ತುರುಬು ಎಲ್ಲವೂ ಹೊರಗೆ ಚಾಚಿಕೊಂಡು ಸೀರೆಯ ಸೆರಗಿಗೆ ಸಿಕ್ಕಿಕೊಳ್ಳುತ್ತವೆ, ಬಾಗುತ್ತವೆ, ವರ್ಷಗಳು ಕಳೆದಂತೆ ಸವೆಯುತ್ತವೆ. ಎರಡನೆಯದರಲ್ಲಿ ಮುಖದ ಅಂಚು ತಗಡಿನ ಒಳಗೆ ಸುರಕ್ಷಿತವಾಗಿರುತ್ತದೆ. ಆದುದರಿಂದ ನಾವು ಎರಡನೆಯ ಮಾರ್ಗವನ್ನೇ ಹಿಡಿಯೋಣ.

ಪದಕಕ್ಕೆ ಎರಡು ತಗಡುಗಳು ಬೇಕು. ಎರಡೂ ೩೪ ಮಿಲಿಮೀಟರು ಎತ್ತರ, ೨೮ ಮಿಲಿಮೀಟರು ಅಗಲದ ಅಂಡಾಕೃತಿಯವು. ಮುಂದಿನ ತಗಡು ಒಂದು ಮಿಲಿಮೀಟರು ದಪ್ಪ. ಇದರಲ್ಲಿ ಮುಖದ ಕಂಡಿ. ಹಿಂದಿನದು ೦.೬ ಮಿಲಿಮೀಟರು ದಪ್ಪ, ಇದನ್ನು ಕಪ್ಪಾಗಿಸಬೇಕು. ಎರಡನ್ನೂ ರಿವೆಟ್ಟುಗಳಿಂದ ಸೇರಿಸಿದಾಗ ಬೆಳ್ಳಗಿನ ಬೆಳ್ಳಿಯ ನಡುವೆ ಕಪ್ಪು ಮುಖ ಕಾಣಿಸುತ್ತದೆ. ಪದಕದ ಒಟ್ಟು ತೂಕ ಸುಮಾರು ೧೦ ಗ್ರಾಂ ಆಗುತ್ತದೆ. ಸರವನ್ನು ಪೋಣಿಸುವ ಬಳೆಯನ್ನು ಹಿಂದಿನ ತಗಡಿಗೆ ಮಾತ್ರ ಬೆಸೆಯುತ್ತೇವೆ. ಈ ಏರ್ಪಾಟಿನ ಗುಟ್ಟು ಏನೆಂದರೆ, ಮುಖವಿರುವ ತಗಡು ಬೆಂಕಿಯನ್ನು ಕಾಣುವುದೇ ಇಲ್ಲ. ಅದರ ಕಾರಣವನ್ನು ಮುಂದೆ ನೋಡಲಿದ್ದೇವೆ.

ವಿನ್ಯಾಸದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಪ್ಪು ಮುಖದ ಒಳಗೆ ಬೆಳ್ಳಗಿನ ಓಲೆಯನ್ನು ತೋರಿಸಬೇಕೆನಿಸಿದರೆ, ಆ ಓಲೆ ಸುತ್ತಣ ಲೋಹಕ್ಕೆ ಅಂಟಿಕೊಂಡಿರದೆ ಕೆಳಗೆ ಬಿದ್ದುಹೋಗುತ್ತದೆ. ನಮ್ಮ ತೊಗಲುಗೊಂಬೆಗಳನ್ನು ಮಾಡುವವರು ಚರ್ಮದಲ್ಲಿ ತೂತುಗಳನ್ನು ಕೊರೆದು ಆಭರಣಗಳನ್ನು ಬೆಳಗಿಸುತ್ತಾರೆ. ಅಲ್ಲಿ ಬೆಳಕು ಬರುವುದು ತೂತಿನಿಂದ. ನಮ್ಮಲ್ಲಿ ತೂತೇ ಕತ್ತಲೆಯಾದುದರಿಂದ ಆ ಉಪಾಯ ಸಲ್ಲದು. ಬೆಳ್ಳಗಿರಬೇಕಾದ ಪ್ರತಿಯೊಂದು ಭಾಗವೂ ಕನಿಷ್ಠ ಒಂದು ಮಿಲಿಮೀಟರು ಅಗಲದ ಸೇತುವೆಯಿಂದ ಹೊರಗಿನ ತಗಡಿಗೆ ಸೇರಿರಬೇಕು. ಕಣ್ಣಿನ ರೆಪ್ಪೆ, ಹಾರಾಡುವ ಕೂದಲೆಳೆ ಮುಂತಾದವನ್ನು ಬಿಟ್ಟುಬಿಡುವುದೇ ಮೇಲು. ತುರುಬು, ಜಡೆ, ಮುಂಡಾಸು ಮುಂತಾದ ದೊಡ್ಡ ಆಕಾರಗಳು ಹೋಲಿಕೆಗೆ ಬಹಳ ಸಹಾಯಕವಾಗುತ್ತವೆ.

ಲೋಹದ ಸ್ವಭಾವ

ಶುದ್ಧ ಬೆಳ್ಳಿ ಬಹಳ ಮೃದು. ಆದುದರಿಂದ ಆಭರಣಗಳಿಗೆ ಸಾವಿರಕ್ಕೆ ೯೨೫ ಭಾಗ ಬೆಳ್ಳಿಯೂ ೭೫ ಭಾಗ ಸಾಮಾನ್ಯವಾಗಿ ತಾಮ್ರವೂ ಸೇರಿದ ಮಿಶ್ರಲೋಹವನ್ನು ಬಳಸುತ್ತಾರೆ. ವಸ್ತುವಿನ ಮೇಲೆ ೯೨೫ ಎಂದು ಮುದ್ರೆ ಇರುವುದನ್ನು ವಾಚಕರು ನೋಡಿರಬಹುದು.

ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ಈ ಜೋಡಣೆಯಲ್ಲಿ ಅಲ್ಲಲ್ಲಿ ಸಾಲು ತಪ್ಪಿದ ಕಡೆಗಳಿರುತ್ತವೆ. ಲೋಹವನ್ನು ಬಾಗಿಸಿದಾಗ ಈ ಸಾಲುತಪ್ಪುಗಳೇ ಒಂದೆಡೆಯಿಂದ ಇನ್ನೊಂದೆಡೆಗೆ ಜಾರಿ, ಲೋಹ ಬಾಗಲು ಅವಕಾಶ ಕೊಡುತ್ತವೆ. ಬಡಿದಷ್ಟೂ, ಉರುಳೆಯಲ್ಲಿ ಒತ್ತಿದಷ್ಟೂ ಅವುಗಳ ಸಂಖ್ಯೆ ಹೆಚ್ಚಿ, ಒಂದಕ್ಕೊಂದು ತೊಡಕಿಕೊಂಡು, ಜಾರುವುದು ಕಷ್ಟವಾಗುತ್ತದೆ, ಲೋಹ ಗಡುಸಾಗುತ್ತದೆ. ಅದನ್ನು ಸುಮಾರು ೬೦೦ರಿಂದ ೬೫೦ ಡಿಗ್ರಿ ಸೆಲ್ಸಿಯಸ್‌ವರೆಗೆ, ಎಂದರೆ ಮಬ್ಬುಗತ್ತಲೆಯಲ್ಲಿ ಮಂದವಾದ ಕೆಂಪು ಕಾಣುವವರೆಗೆ, ಕಾಯಿಸಿದರೆ ಹೊಸ ಹರಳುಗಳು ಬೆಳೆದು ಲೋಹ ಮತ್ತೆ ಮೆತ್ತಗಾಗುತ್ತದೆ.

ಬಾಗಿಸುವ ಕೆಲಸಕ್ಕೆ ಮೆತ್ತಗಿನ ಲೋಹ ಬೇಕು. ನಮ್ಮ ಮುಂದಿನ ತಗಡನ್ನು ಬಾಗಿಸುವುದಿಲ್ಲ. ಅದು ಚಪ್ಪಟೆಯಾಗಿಯೇ ಇರಬೇಕು. ಆದುದರಿಂದ ಉರುಳೆಯಿಂದ ಬಂದ ಗಡುಸು ತಗಡೇ ಇಲ್ಲಿ ಉಪಯುಕ್ತ. ಅದು ಗರಗಸದ ಕೆಳಗೆ ಬಾಗದೆ ನಿಲ್ಲುತ್ತದೆ, ಅಂಚು ಚೊಕ್ಕಟವಾಗಿ ಬರುತ್ತದೆ.

ಗರಗಸದ ದಾರಿ

ಅಕ್ಕಸಾಲಿಗರ ಗರಗಸದ ಅಲಗುಗಳಿಗೆ ಸಂಖ್ಯೆಗಳಿವೆ. ೪/೦ ಎಂಬ ಸಂಖ್ಯೆಯ ಅಲಗಿನ ದಪ್ಪ ಸುಮಾರು ೦.೨೨ ಮಿಲಿಮೀಟರು, ಅದರಲ್ಲಿ ಸೆಂಟಿಮೀಟರಿಗೆ ಸುಮಾರು ೨೬ ಹಲ್ಲುಗಳಿರುತ್ತವೆ. ತಗಡಿನ ದಪ್ಪದಲ್ಲಿ ಯಾವಾಗಲೂ ಎರಡಕ್ಕೆ ಕಡಿಮೆಯಿಲ್ಲದಷ್ಟು ಹಲ್ಲುಗಳು ಇರಬೇಕೆಂಬುದು ನಿಯಮ. ಇಲ್ಲವಾದರೆ ತಗಡಿನ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಅಲಗು ಪಟ್ಟನೆ ಮುರಿಯುತ್ತದೆ. ನಮ್ಮ ಒಂದು ಮಿಲಿಮೀಟರಿನ ತಗಡಿಗೆ ಈ ಅಲಗು ಸರಿಹೋಗುತ್ತದೆ.

ತಗಡಿನ ಮೈಯನ್ನು ಮೊದಲೇ ಉಜ್ಜಿ ನಯಮಾಡಿ, ಕಾಗದದ ಚಿತ್ರವನ್ನು ಅದಕ್ಕೆ ಚೆನ್ನಾಗಿ ಅಂಟಿಸಬೇಕು. ಹಿಂದಿನ ತಗಡಿನೊಡನೆ ಇದನ್ನು ಬಿಗಿಯಾಗಿ ಕಟ್ಟಿ, ಎಡಬಲ ಅಂಚುಗಳಲ್ಲಿ ರಿವೆಟ್ಟಿಗಾಗಿ ಒಂದೊಂದು ಮಿಲಿಮೀಟರಿನ ತೂತನ್ನು ಎರಡಕ್ಕೂ ಒಟ್ಟಿಗೇ ಕೊರೆದುಕೊಳ್ಳಬೇಕು. ಬೇರೆ ಬೇರೆಯಾಗಿ ಕೊರೆದರೆ ತೂತುಗಳು ಕೂಡಿ ಬರುವುದಿಲ್ಲ. ಅನಂತರ ಮುಂದಿನ ತಗಡನ್ನು ಬೇರ್ಪಡಿಸಿ, ಕಪ್ಪು ಭಾಗದ ನಡುವೆ ಇನ್ನೊಂದು ತೂತನ್ನು ಕೊರೆದು, ಅದರ ಮೂಲಕ ಅಲಗನ್ನು ತೂರಿಸಿ, ಚೌಕಟ್ಟಿಗೆ ಬಿಗಿಯಬೇಕು. ಹಲ್ಲುಗಳು ಹಿಡಿಯ ಕಡೆಗೆ, ಕೆಳಮುಖವಾಗಿರಬೇಕು. ಅಲಗನ್ನು ಮೀಟಿದರೆ ತಂತಿಯಂತೆ ನಾದ ಬರಬೇಕು. ಅಲಗಿಗೆ ಸ್ವಲ್ಪ ಜೇನುಮೇಣವನ್ನು ಸವರಿದರೆ ಓಟ ಸಲೀಸಾಗುತ್ತದೆ. ಗರಗಸ ನೆಟ್ಟಗೆ ನಿಂತು ಮೇಲೆ ಕೆಳಗೆ ಓಡುತ್ತಿರಲಿ. ತಗಡನ್ನು ತಿರುಗಿಸುವುದು ಎಡಗೈಯ ಕೆಲಸ. ಮುಂದಕ್ಕೆ ನೂಕುವ ಆತುರವೇ ಅಲಗುಗಳ ಸಾವು. ಕಣ್ಣಿಗೆ ಕನ್ನಡಕವಿರಲಿ, ಏಕೆಂದರೆ ಮುರಿದ ಚೂರು ಸಿಡಿಯುವುದುಂಟು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವನ್ನು ಗಮನಿಸಬೇಕು. ಗರಗಸದ ಒಂದು ಸೀಳಿಗೆ ಎರಡು ಅಂಚುಗಳು. ನಮಗೆ ಬೇಕಾದುದು ಹೊರಗಿನ ಅಂಚು. ಆದುದರಿಂದ ಅಲಗು ಪೂರ್ತಿಯಾಗಿ ಕಪ್ಪು ಭಾಗದೊಳಗೆ, ಅಂಚಿಗೆ ಒಂದು ಕೂದಲೆಳೆಯಷ್ಟು ಮುಂಚೆ ಓಡಬೇಕು. ಆ ಕೂದಲೆಳೆಯಷ್ಟನ್ನು ಅನಂತರ ಸೂಜಿ ಅರದಿಂದ, ಭೂತಗನ್ನಡಿಯಲ್ಲಿ ನೋಡುತ್ತ, ಮೆಲ್ಲಗೆ ತೆಗೆಯಬೇಕು. ಒಳಗಿನಿಂದ ಬಿದ್ದ ಮುಖದ ತುಂಡು ಚೆನ್ನಾಗಿ ಕಾಣಬಹುದು. ಅದನ್ನೇ ಇನ್ನೊಂದು ಪದಕವಾಗಿ ಮಾಡಬೇಕೆಂಬ ಆಸೆಯೂ ಹುಟ್ಟಬಹುದು. ಆದರೆ ಆ ತುಂಡು ಎಲ್ಲ ಕಡೆಯೂ ಅಲಗಿನ ದಪ್ಪದಷ್ಟು ಕಿರಿದಾಗಿದೆ. ಜೀವಂತ ಮುಖಕ್ಕೆ ಹೋಲಿಸಿದರೆ ಮೂಗು ಎರಡು ಮಿಲಿಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಕೊರಳು ಎರಡು ಪಕ್ಕಗಳಿಂದಲೂ ಸೇರಿ ನಾಲ್ಕು ಮಿಲಿಮೀಟರಿಗೂ ಹೆಚ್ಚು ತೆಳ್ಳಗಾಗಿದೆ. ಅದು ಬೇರೊಬ್ಬರ ಮುಖ. ಒಂದು ಸೀಳಿನಿಂದ ಎರಡು ನಿಜವಾದ ಮುಖಗಳು ಹುಟ್ಟಲಾರವು.

ಮೂಗಿನ ತುದಿಯಂಥ ಚೂಪಾದ ಮೂಲೆಗಳಲ್ಲಿ ಗರಗಸವನ್ನು ತಿರುಗಿಸಕೂಡದು. ಅಲಗಿನ ಆಳ ಸುಮಾರು ೦.೪೪ ಮಿಲಿಮೀಟರು ಇರುವುದರಿಂದ ತಿರುಗಿಸಿದ ಕಡೆ ಮೂಲೆ ಗುಂಡಾಗುತ್ತದೆ. ಹಣೆಯ ಕಡೆಯಿಂದ ಮೂಗಿನ ತುದಿಯವರೆಗೆ ಬಂದು, ಹಾಗೆಯೇ ಹಿಂದೆ ಸರಿದು, ತುಟಿಯ ಕಡೆಯಿಂದ ಮತ್ತೊಮ್ಮೆ ಬಂದು ಅದೇ ಬಿಂದುವನ್ನು ಮುಟ್ಟಬೇಕು. ತುಟಿಗಳ ಸಂದಿ ಇದಕ್ಕೆ ವಿರುದ್ಧ. ಅಲ್ಲಿ ಲೋಹವು ಸಣ್ಣ ಹಲ್ಲಿನಂತೆ ಒಳಕ್ಕೆ ಚಾಚಿಕೊಂಡಿರುತ್ತದೆ. ಅರವನ್ನು ಅಲ್ಲಿ ಅಡ್ಡಡ್ಡಲಾಗಿ ಒತ್ತಿದರೆ ಅದು ಬಾಗಿಹೋಗುತ್ತದೆ. ಮೊದಲ ಬಾರಿಗೆ ಪ್ರಯತ್ನಿಸುವವರು ಹಿತ್ತಾಳೆಯ ತಗಡಿನಲ್ಲಿ ಎರಡು ಮೂರು ಮುಖಗಳನ್ನು ಕೊರೆದು ಕೈ ಪಳಗಿಸಿಕೊಂಡ ಮೇಲೆ ಬೆಳ್ಳಿಯನ್ನು ಮುಟ್ಟುವುದು ಮಿತವ್ಯಯದ ದಾರಿ.

ಬೆಂಕಿಯ ಅಪಾಯಗಳು

ಈಗ ಹಿಂದಿನ ತಗಡಿನ ಮೇಲುತುದಿಗೆ ಬಳೆಯನ್ನು ಬೆಸೆಯಬೇಕು. ಬೆಸುಗೆ ಎಂದರೆ ಬೆಳ್ಳಿ, ತಾಮ್ರ, ಸತುವುಗಳ ಮಿಶ್ರಣ. ಅದು ತಗಡಿಗಿಂತ ಕಡಿಮೆ ಉಷ್ಣತೆಯಲ್ಲಿ ಕರಗಿ, ಸಂದಿಯೊಳಕ್ಕೆ ತಾನಾಗಿಯೇ ಹೀರಲ್ಪಡುತ್ತದೆ. ಶುದ್ಧ ಬೆಳ್ಳಿ ಕರಗುವುದು ೯೬೨ ಡಿಗ್ರಿಯಲ್ಲಿ. ಆದರೆ ೯೨೫ರ ಬೆಳ್ಳಿ ಸುಮಾರು ೮೦೦ ಡಿಗ್ರಿಯಲ್ಲಿಯೇ ಮೆತ್ತಗಾಗಿ ಕರಗತೊಡಗುತ್ತದೆ. ಬೆಸುಗೆ ಸುಮಾರು ೭೦೦ ಡಿಗ್ರಿಯ ಆಸುಪಾಸಿನಲ್ಲಿ ಹರಿಯುತ್ತದೆ. ಇವೆರಡರ ನಡುವಣ ಅಂತರ ಅಷ್ಟೇನೂ ವಿಶಾಲವಲ್ಲ.

ಮುಖವಿರುವ ತಗಡನ್ನು ಬೆಂಕಿಗೆ ಒಡ್ಡಬಾರದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ತುಟಿಗಳ ನಡುವಣ ಲೋಹದ ಹಲ್ಲಿನಂಥ ಸಣ್ಣ ಭಾಗಗಳಲ್ಲಿ ಲೋಹ ಕಡಿಮೆ, ಜ್ವಾಲೆಗೆ ಸಿಗುವ ಮೈ ಹೆಚ್ಚು. ಉಳಿದ ತಗಡಿಗಿಂತ ಮೊದಲು ಕಾಯುವುದು ಅವೇ. ಕರಗಿದೊಡನೆ ಅವು ನೀರಿನ ಹನಿಯಂತೆ ಮೇಲ್ಮೈ ಸೆಳೆತದಿಂದ ಗುಂಡಾಗುತ್ತವೆ. ಚೂಪಾದ ತುಟಿ ಒಂದು ಕ್ಷಣದಲ್ಲಿ ಮೊಂಡಾಗುತ್ತದೆ. ಇಷ್ಟೇ ಅಲ್ಲ, ಕಾದ ಬೆಳ್ಳಿಯೊಳಕ್ಕೆ ಗಾಳಿಯ ಆಮ್ಲಜನಕ ಇಳಿದು, ಮೇಲ್ಮೈಯ ಕೆಳಗಿರುವ ತಾಮ್ರದೊಡನೆ ಸೇರಿ, ಬೂದುಬಣ್ಣದ ಕಲೆಯನ್ನು ಉಂಟುಮಾಡುತ್ತದೆ. ಅದನ್ನು ತೆಗೆಯಬೇಕಾದರೆ ಬೆಳ್ಳಿಯ ಒಂದು ಪದರವನ್ನೇ ಉಜ್ಜಿ ತೆಗೆಯಬೇಕು. ಉಜ್ಜಿದಾಗ ಅಂಚುಗಳೂ ಸವೆಯುತ್ತವೆ.

ಹಿಂದಿನ ತಗಡಿಗೆ ಈ ಭಯವಿಲ್ಲ. ಸಂದಿಗೆ ಬಿಳಿಗಾರದ ಗಂಜಿಯನ್ನು ಹಚ್ಚಬೇಕು. ಅದು ಕರಗಿ ಗಾಜಿನಂತೆ ಹರಡಿ, ಗಾಳಿಯನ್ನು ತಡೆದು, ಆಕ್ಸೈಡುಗಳನ್ನು ಕರಗಿಸಿಕೊಳ್ಳುತ್ತದೆ. ಎಲ್ಲ ಲೋಹಗಳಲ್ಲಿ ಬೆಳ್ಳಿಯೇ ಶಾಖವನ್ನು ಅತಿ ಚೆನ್ನಾಗಿ ಒಯ್ಯುವುದರಿಂದ, ಸಂದಿಯನ್ನು ಮಾತ್ರ ಕಾಯಿಸಿ ಪ್ರಯೋಜನವಿಲ್ಲ. ಇಡೀ ತಗಡನ್ನು ಕಾಯಿಸಬೇಕು. ಬೆಸುಗೆ ಯಾವಾಗಲೂ ಹೆಚ್ಚು ಬಿಸಿಯಾದ ಕಡೆಗೆ ಹರಿಯುತ್ತದೆ. ಬಳೆಯ ತಂತಿ ಬೇಗ ಕಾಯುವುದರಿಂದ ಜ್ವಾಲೆ ತಗಡಿನ ಮೇಲೆಯೇ ಹೆಚ್ಚಾಗಿ ಆಡುತ್ತಿರಲಿ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳಲೇಬೇಕು. ಬೇಗ ಕರಗಲೆಂದು ಕೆಲವು ಬೆಸುಗೆಗಳಲ್ಲಿ ಕ್ಯಾಡ್ಮಿಯಂ ಎಂಬ ಲೋಹವನ್ನು ಸೇರಿಸುತ್ತಿದ್ದುದುಂಟು. ಚಿನ್ನದ ಅಂಗಡಿಗಳಲ್ಲಿ ಕೇಳಿಬರುವ ‘ಕೆಡಿಎಂ’ ಎಂಬ ಮಾತಿನ ಮೂಲ ಇದೇ. ಕ್ಯಾಡ್ಮಿಯಂ ೭೬೭ ಡಿಗ್ರಿಯಲ್ಲಿ ಕುದಿಯುತ್ತದೆ. ಜ್ವಾಲೆ ಸ್ವಲ್ಪ ಹೆಚ್ಚಾದರೂ ಅದು ಆವಿಯಾಗಿ, ಗಾಳಿಯಲ್ಲಿ ಉರಿದು, ನವಿರಾದ ಹೊಗೆಯಾಗುತ್ತದೆ. ಆ ಹೊಗೆಯನ್ನು ಉಸಿರಾಡಿದವರಿಗೆ ಆಗಿಂದಾಗ್ಗೆ ಏನೂ ತೋರದಿದ್ದರೂ ಕೆಲವು ಗಂಟೆಗಳ ಅನಂತರ ಶ್ವಾಸಕೋಶಗಳು ತೀವ್ರವಾಗಿ ಕೆಡುತ್ತವೆ; ಮರಣವೂ ಸಂಭವಿಸಿದೆ. ಸ್ವಲ್ಪಸ್ವಲ್ಪವಾಗಿ ಬಹುಕಾಲ ಸೇವಿಸಿದವರ ಮೂತ್ರಪಿಂಡಗಳು ಹಾಳಾಗುತ್ತವೆ. ಆದುದರಿಂದ ಕ್ಯಾಡ್ಮಿಯಂ ಇಲ್ಲವೆಂದು ಖಚಿತವಾದ ಬೆಸುಗೆಯನ್ನು ಮಾತ್ರ ಕೊಳ್ಳಬೇಕು. ಹೆಸರು ತಿಳಿಯದ ಹಳೆಯ ಬೆಸುಗೆಯ ಚೂರು ಮನೆಯಲ್ಲಿದ್ದರೆ ಅದನ್ನು ಬೆಂಕಿಗೆ ಹಿಡಿಯಲೇಬಾರದು. ಗಾಳಿ ಚೆನ್ನಾಗಿ ಆಡುವ ಕಡೆ ಕೆಲಸ ಮಾಡಬೇಕು. ಮಕ್ಕಳು ಬೆಂಕಿಯ ಬಳಿ ಇರಕೂಡದು. ಬೆಸೆಯುವ ಅಭ್ಯಾಸವಿಲ್ಲದವರು ಈ ಒಂದು ಹಂತವನ್ನು ಪರಿಚಿತ ಅಕ್ಕಸಾಲಿಗರಿಂದ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಬೆಸೆದ ತಗಡು ಆರಿದ ಮೇಲೆ ಅದನ್ನು ಬೆಚ್ಚಗಿನ ನಿಂಬೆ ಉಪ್ಪಿನ ದ್ರಾವಣದಲ್ಲಿ ಇಟ್ಟರೆ, ಬಿಳಿಗಾರದ ಗಾಜೂ ತಾಮ್ರದ ಆಕ್ಸೈಡೂ ಕರಗಿ ಬೆಳ್ಳಿ ಚೊಕ್ಕಟವಾಗುತ್ತದೆ. ಅದನ್ನು ಕಬ್ಬಿಣದ ಚಿಮಟದಿಂದ ಹೊರತೆಗೆಯಬಾರದು. ದ್ರಾವಣದಲ್ಲಿರುವ ತಾಮ್ರವನ್ನು ಕಬ್ಬಿಣ ಹೊರದೂಡುತ್ತದೆ. ಆ ತಾಮ್ರ ಬೆಳ್ಳಿಯ ಮೇಲೆ ಕೆಂಪಾಗಿ ಕೂರುತ್ತದೆ. ಮರದ ಅಥವಾ ತಾಮ್ರದ ಚಿಮಟವನ್ನು ಬಳಸಬೇಕು.

ಕಪ್ಪಾಗಿಸುವುದು

ಬೆಳ್ಳಿ ಗಂಧಕದೊಡನೆ ಸೇರಿ ಸಿಲ್ವರ್ ಸಲ್ಫೈಡು ಎಂಬ ಕಪ್ಪು ವಸ್ತುವಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಪಾತ್ರೆ ಕಪ್ಪಾಗುವುದು ಇದರಿಂದಲೇ. ಗೃಹಿಣಿಯರಿಗೆ ತೊಂದರೆ ಕೊಡುವ ಈ ಗುಣವೇ ನಮಗಿಲ್ಲಿ ನೆರವಾಗುತ್ತದೆ. ಚೆನ್ನಾಗಿ ಬೇಯಿಸಿದ ಒಂದು ಕೋಳಿಮೊಟ್ಟೆಯನ್ನು ಬಿಸಿಯಾಗಿರುವಾಗಲೇ ಹೋಳು ಮಾಡಿ, ಒಂದು ಡಬ್ಬಿಯಲ್ಲಿ ಹಾಕಿ, ಜಿಡ್ಡಿಲ್ಲದಂತೆ ತೊಳೆದ ತಗಡನ್ನು ಮೊಟ್ಟೆಗೆ ತಾಗದಂತೆ ಅದರಲ್ಲಿಟ್ಟು, ಭದ್ರವಾಗಿ ಮುಚ್ಚಿದರೆ, ಹೊರಡುವ ಗಂಧಕದ ಅನಿಲ ಕೆಲಸವನ್ನು ಮಾಡುತ್ತದೆ. ತಗಡು ಮೊದಲು ಹಳದಿ, ಆಮೇಲೆ ಕಂದು, ನೀಲಿ, ಕಡೆಗೆ ಕಪ್ಪಿನ ಕಡೆಗೆ ತಿರುಗುತ್ತದೆ. ಪದರ ಬಹಳ ತೆಳ್ಳಗಿರುವಾಗ, ಅದರ ಎರಡು ಮೈಗಳಿಂದ ಹಿಂದಿರುಗಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆಯುವುದರಿಂದ ಈ ಬಣ್ಣಗಳು ಮೂಡುತ್ತವೆ. ಸಾಬೂನಿನ ಗುಳ್ಳೆಯ ಬಣ್ಣಗಳೂ ಇಂಥವೇ. ಒಂದು ಮೊಟ್ಟೆ ಸಾಲದಿದ್ದರೆ ಮಾರನೆಯ ದಿನ ಮತ್ತೊಂದನ್ನಿಡಬಹುದು. ಅಂಗಡಿಯಲ್ಲಿ ಸಿಗುವ ಸಲ್ಫೈಡಿನ ದ್ರಾವಣ ಬೇಗ ಕಪ್ಪಾಗಿಸುತ್ತದೆ. ಆದರೆ ಅದಕ್ಕೆ ಆಮ್ಲ ತಗುಲಿದರೆ ವಿಷಾನಿಲ ಹೊರಡುತ್ತದೆ. ನಿಂಬೆ ಉಪ್ಪಿನ ಪಾತ್ರೆಯನ್ನು ಅದರ ಹತ್ತಿರಕ್ಕೂ ತರಬಾರದು.

ಬೆಳ್ಳಿಯನ್ನು ಬೆಳ್ಳಗೆ ಉಳಿಸಿ ಸುತ್ತಲಿನ ಲೋಹವನ್ನು ಕಪ್ಪಾಗಿಸುವ ಕಲೆಯೂ ನಮ್ಮ ನಾಡಿನಲ್ಲಿ ಉಂಟು. ಬೀದರಿನ ಬಿದ್ರಿ ಕೆಲಸದವರು ಹೆಚ್ಚಾಗಿ ಸತುವೂ ಸ್ವಲ್ಪ ತಾಮ್ರವೂ ಸೇರಿದ ಮಿಶ್ರಲೋಹದ ಎರಕದಲ್ಲಿ ಚಿತ್ರವನ್ನು ಕೆತ್ತಿ, ಆ ಗುಳಿಗಳಲ್ಲಿ ಬೆಳ್ಳಿಯನ್ನು ಕೂರಿಸಿ, ಮಟ್ಟವಾಗಿ ಅರದಿಂದ ಉಜ್ಜುತ್ತಾರೆ. ಅನಂತರ ಬೀದರ್ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚುತ್ತಾರೆ. ಸತುವಿನ ಲೋಹ ಕಡುಗಪ್ಪಾಗುತ್ತದೆ. ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಪದಕ, ಬಳೆಗಳನ್ನೂ ಅವರು ಹೀಗೆ ಮಾಡುತ್ತಾರೆ. ನಮ್ಮ ಪದಕದ ಕಪ್ಪು ಬಿಳುಪನ್ನು ತಿರುವು ಮುರುವು ಮಾಡಿದಂತಿದೆ ಇದು. ಚಿತ್ರದ ಅಂಚನ್ನು ಅಲ್ಲಿ ಉಳಿ ನಿರ್ಣಯಿಸುತ್ತದೆ, ಇಲ್ಲಿ ಗರಗಸ.

ಜೋಡಣೆ

ಮುಂದಿನ ತಗಡಿಗೆ ಕಡೆಯ ಮೆರುಗನ್ನು ಕೊಡುವಾಗ ತಿರುಗುವ ಬಟ್ಟೆಯ ಚಕ್ರವನ್ನು ಬಳಸಬಾರದು. ಮೆತ್ತಗಿನ ಬಟ್ಟೆ ಕಂಡಿಯೊಳಕ್ಕೆ ಇಳಿದು ಅಂಚನ್ನು ಗುಂಡಗೆ ಮಾಡುತ್ತದೆ. ಗಾಜಿನ ಹಲಗೆಯ ಮೇಲೆ ನಯವಾದ ಉಪ್ಪುಕಾಗದವನ್ನು ಹಾಸಿ, ಅದರ ಮೇಲೆ ತಗಡನ್ನು ಚಪ್ಪಟೆಯಾಗಿ ಆಡಿಸಿದರೆ ಮೈ ನಯವಾಗುತ್ತದೆ, ಅಂಚು ಹರಿತವಾಗಿಯೇ ಉಳಿಯುತ್ತದೆ.

ರಿವೆಟ್ಟುಗಳಿಗೆ ಒಂದು ಮಿಲಿಮೀಟರು ದಪ್ಪದ ಬೆಳ್ಳಿಯ ತಂತಿಯನ್ನು ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಎರಡು ತಗಡುಗಳನ್ನೂ ಕೂಡಿಸಿ, ತೂತುಗಳಲ್ಲಿ ತಂತಿಯನ್ನು ತೂರಿಸಿ, ಎರಡು ಕಡೆಯೂ ಅರ್ಧ ಮಿಲಿಮೀಟರಿನಷ್ಟು ಉಳಿಯುವಂತೆ ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ಲಘುವಾಗಿ ಬಡಿದು ತಲೆಯನ್ನು ಹರಡಬೇಕು. ಮೆತ್ತಗಿದ್ದ ತಂತಿ ಬಡಿತದಿಂದಲೇ ಗಡುಸಾಗಿ ತಗಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಂದೆ ಹೇಳಿದ ಲೋಹದ ಗುಣ ಇಲ್ಲಿ ನಮ್ಮ ಸೇವೆಗೆ ನಿಲ್ಲುತ್ತದೆ. ಕಪ್ಪಾದ ಭಾಗ ಕಂಡಿಯೊಳಗೆ ಒಂದು ಮಿಲಿಮೀಟರು ಆಳದಲ್ಲಿರುವುದರಿಂದ ಬಟ್ಟೆಯ ಉಜ್ಜಾಟ ಅದಕ್ಕೆ ತಾಗುವುದಿಲ್ಲ. ಮುಂದೆ ಪದಕವನ್ನು ಒರಸುವಾಗ ಮೃದುವಾದ ಒಣಬಟ್ಟೆ ಸಾಕು. ಅಲ್ಯೂಮಿನಿಯಂ ಹಾಳೆಯೊಡನೆ ಸೋಡಾ ನೀರಿನಲ್ಲಿ ಹಾಕಿ ಬೆಳ್ಳಿಯನ್ನು ಬೆಳಗಿಸುವ ಪದ್ಧತಿಯನ್ನು ಇದಕ್ಕೆ ಬಳಸಕೂಡದು. ಅದು ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸಿ ಮುಖವನ್ನೇ ಅಳಿಸಿಹಾಕುತ್ತದೆ.

ಲೆಕ್ಕ ಒಪ್ಪಿಸುವುದು

ಈಗ ನಮ್ಮ ಕಾಲು ಮಿಲಿಮೀಟರಿನ ಲೆಕ್ಕವನ್ನು ನೋಡೋಣ. ಅರೆನೆರಳಿನಿಂದ ೦.೦೭, ಸೀಸದಕಡ್ಡಿಯ ಗೆರೆಯಿಂದ ೦.೦೫; ಗರಗಸ ಮತ್ತು ಅರದಿಂದ, ಕೈ ಪಳಗಿದ್ದರೆ, ೦.೧, ಮೆರುಗು ಕೊಡುವಾಗ ೦.೦೩. ಎಲ್ಲ ತಪ್ಪುಗಳೂ ಒಂದೇ ದಿಕ್ಕಿಗೆ ಸೇರಿದರೆ ಕಾಲು ಮಿಲಿಮೀಟರು ಮುಗಿದೇ ಹೋಯಿತು. ಸಾಮಾನ್ಯವಾಗಿ ಕೆಲವು ಈಚೆಗೆ, ಕೆಲವು ಆಚೆಗೆ ಬಿದ್ದು ಒಂದನ್ನೊಂದು ಕಳೆಯುವುದರಿಂದ ಹೋಲಿಕೆ ಉಳಿಯುತ್ತದೆ. ಆದರೆ ಇದರ ಮೇಲೆ ದೊಡ್ಡ ದೀಪದ ತಪ್ಪನ್ನೋ, ಗೆರೆಯ ತಪ್ಪುಪಕ್ಕದಲ್ಲಿ ಓಡಿದ ಅಲಗಿನ ತಪ್ಪನ್ನೋ, ಬೆಂಕಿಯ ತಪ್ಪನ್ನೋ ಹೊರಲು ಈ ಪುಟ್ಟ ಮುಖಕ್ಕೆ ಶಕ್ತಿಯಿಲ್ಲ. ಉತ್ತಮ ಕೆಲಸಗಾರನೆಂದರೆ ತಪ್ಪೇ ಮಾಡದವನಲ್ಲ. ಎಷ್ಟು ತಪ್ಪಿಗೆ ಎಡೆಯುಂಟೆಂದು ಅರಿತು ಅದನ್ನು ಹಂತಹಂತಕ್ಕೆ ಹಂಚಿ ಖರ್ಚು ಮಾಡುವವನು.

ಆ ಎಡೆ ಎಷ್ಟೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಕಂಡುಕೊಳ್ಳಬಹುದು. ಒಂದು ಸಂಜೆ ಮನೆಯವರೆಲ್ಲರ ನೆರಳುಗಳನ್ನು ಕಾಗದದ ಮೇಲೆ ಬರೆದು, ಕಪ್ಪು ತುಂಬಿ, ಉಗುರಿನಷ್ಟಕ್ಕೆ ಇಳಿಸಿ, ಹೆಸರು ಬರೆಯದೆ ಸಾಲಾಗಿ ಇಡಿ. ತಾಯಿ ಯಾರು, ಚಿಕ್ಕಮ್ಮ ಯಾರು, ಮೊಮ್ಮಗಳು ಯಾರೆಂದು ನೋಡುವವರು ಹೇಳುವುದನ್ನು ಗಮನಿಸಿ. ಎಲ್ಲಿ ತಡವರಿಸುವರೋ ಅಲ್ಲಿ ಭೂತಗನ್ನಡಿಯನ್ನು ಹಿಡಿದು ನೋಡಿ. ತಪ್ಪಿದ ಆ ಕೂದಲೆಳೆಯಷ್ಟು ಜಾಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮಕ್ಕಳ ಮುಖದ ಗೆರೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬೆಳ್ಳಿಯ ತಗಡನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ನೆರಳನ್ನು ಬರೆದಿಡುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕದಿರುವುದು ಲೇಸು.